ಹಳೆ ಕ್ಯಾರಾವಾನ್ ಡಬ್ಬಿ: ಎಲ್ಲಾರೂ ಕೇಳೋ ಪ್ರಶ್ನೆ, ನನ್ನ ಉತ್ತರ

ನಾಲ್ಕು ವರ್ಷದ ಹಿಂದ ಪುಣೆ ಕಡಿಂದ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರಾವಾನ್ ಟ್ರೇಲರ್ ತಂದು ಹುಬ್ಬಳ್ಳಿಯೊಳಗ ಮನಿ ಮುಂದ ನಿಲ್ಲಿಸಿದ್ದೇ ತಡ, ಹಾಲಿನವರಿಂದ ಹಿಡಿದು ಬೀಗರ ತನಕ ಎಲ್ಲಾರೂ ಪ್ರಶ್ನೆ ಕೇಳಾಕತ್ರು. ಆಮ್ಯಾಲ ತೊಗೊಬೇಕಂತ ಇರೋರು ಫೋನ್ ಮಾಡಾಕತ್ರು. ಅದ ಉತ್ತರಾನ ನೂರು ಸಲ ಹೇಳಿ ಬಾಯಿ ನೋವಾತು, ಅದಕ್ಕ ಇಲ್ಲಿ ಬರದ ಇಟ್ಟೀನಿ. ನಾ ಮೆಕ್ಯಾನಿಕ್ ಅಲ್ಲ, ಕೈ ಸುಟ್ಕೊಂಡು ಕಲ್ತಾಂವ.

## ತೊಗೊಳ್ಳೂದಕ್ಕಿಂತ ಮೊದ್ಲು

ಇದು ಟ್ರ್ಯಾಕ್ಟರ್ ಟ್ರೇಲರ್ ಏನ್ರಿ? ಮ್ಯಾಲ ಯಾಕ ಮುಚ್ಚೀರಿ, ಇದ್ರಾಗ ಏನ್ ಹೇರ್ತೀರಿ?

ಕಬ್ಬು ಹೇರಾಂಗಿಲ್ರಿ, ನಮ್ಮನ್ನ ನಾವ ಹೇರ್ಕೊಂಡು ಹೋಗ್ತೀವಿ. ಎರಡು ಗಾಲಿ, ಒಂದು ಆಕ್ಸಲ್, ಮ್ಯಾಲ ಸಣ್ಣ ಖೋಲಿ. ಒಳಗ ಹಾಸಿಗಿ, ಒಲಿ, ಸಿಂಕ್, ಸಣ್ಣ ಫ್ರಿಜ್. ಇದಕ್ಕ ಎಂಜಿನ್ ಇಲ್ಲ, ಜೀಪಿನ ಹಿಂದ ಹುಕ್ಕಿಗೆ ಸಿಗಿಸಿ ಎಳಕೊಂಡು ಹೋಗೂದು. ಊರು ಮುಟ್ಟಿದ ಮ್ಯಾಲ ಡಬ್ಬಿ ಬಿಚ್ಚಿಟ್ಟು ಗಾಡಿ ತೊಗೊಂಡು ಅಡ್ಡಾಡಬಹುದು, ಟೆಂಪೋ ಟ್ರಾವೆಲರ್ ಕ್ಯಾಂಪರ್‌ಗಿಂತ ಇದರಾಗ ಇರೋ ಲಾಭ ಅದ. ಮನ್ಯಾಗ ಎಲ್ಲಾರೂ ಡಬ್ಬಿ ಅಂತಾರ, ನಾನೂ ಡಬ್ಬಿ ಅಂತ ಬರೀತೀನಿ.

ಹೊಸಾದು ಬಿಟ್ಟು ಹಳೇದ್ಯಾಕ ತೊಗೊಂಡ್ರಿ?

ರೊಕ್ಕ. ಮತ್ತ ಇನ್ನೊಂದು, ನಮ್ಮ ದೇಶದಾಗ ಇದನ್ನ ಮಾಡೋರು ಕೈಬೆರಳೆಣಿಕಿ ಮಂದಿ, ಆರ್ಡರ್ ಕೊಟ್ಟು ಕಾಯಬೇಕು. ಹಳೇದರ ಒಳಗ ಇನ್ನೊಬ್ರು ಮಾಡಿದ ತಪ್ಪು ಕಣ್ಣಿಗೆ ಕಾಣ್ತಾವ. ಒಂದ ಮಾತು, ಕೊಂಡ ರೇಟಿನ ಮ್ಯಾಲ ಕಾಲು ಭಾಗ ರೊಕ್ಕ ರಿಪೇರಿಗಂತ ಬಾಜೂಕ ಇಟ್ಕೊಂಡ ಹೋಗ್ರಿ, ಪೂರಾ ಖಾಲಿ ಮಾಡ್ಕೊಂಡು ಡಬ್ಬಿ ತಂದ್ರ ಮೊದಲ ಮಳಿಗೇ ಅಳ್ತೀರಿ.

ನನ್ನ ಗಾಡಿ ಇದನ್ನ ಎಳೀತೈತೇನು?

ಎಂಜಿನ್ ಎಳೀತೈತಿ ಅನ್ನೂದು ಅರ್ಧ ಮಾತು, ನಿಲ್ಲಿಸಾಕ ಬರ್ತೈತೇನು ಅನ್ನೂದು ಇನ್ನರ್ಧ. ಗಾಡಿ ಮ್ಯಾನುಯಲ್‌ನಾಗ ಟೋಯಿಂಗ್ ಕೆಪಾಸಿಟಿ, ಅಂದ್ರ ಎಷ್ಟು ತೂಕ ಎಳೀಬಹುದು ಅಂತ, ಬರದಾರೇನು ನೋಡ್ರಿ, ಬ್ರೇಕ್ ಇರೋ ಟ್ರೇಲರ್‌ಗೆ ಒಂದು, ಬ್ರೇಕ್ ಇಲ್ಲದ್ದಕ್ಕ ಒಂದು. ಅದರ ಮುಕ್ಕಾಲು ಭಾಗದಾಗ ನಿಮ್ಮ ಡಬ್ಬಿ ತುಂಬಿದ ತೂಕ ಕುಂದರಬೇಕು. ತುಂಬಿದ ತೂಕ ಅನ್ನೂದನ್ನ ನೆನಪಿಡ್ರಿ. ಮಾರೋರು ಖಾಲಿ ತೂಕ ಹೇಳ್ತಾರ, ಬ್ಯಾಟರಿ, ನೀರು, ಗ್ಯಾಸ್, ಪಾತ್ರಿ, ಹಾಸಿಗಿ ಎಲ್ಲಾ ಸೇರಿದ್ರ ಆಟಾನ ಬ್ಯಾರೆ. ನಂದಕ್ಕ 620 ಕೆಜಿ ಅಂತ ಹೇಳಿದ್ರು. ಊರಿಗೆ ಹೊಂಟಂಗ ಎಲ್ಲಾ ತುಂಬಿ ಅಮರಗೋಳ ಎಪಿಎಂಸಿ ಕಡೆ ಹೋಗಿ ಕಾಟಾ ಹಾಕ್ಸಿದೆ, 790 ಬಂತು. ಮುಂದ ಹತ್ತಿ ಲಾರಿ, ಹಿಂದ ಮೆಣಸಿನಕಾಯಿ ಲಾರಿ, ನಡುವ ನನ್ನ ಪರದೆ ಹಾಕಿದ ಡಬ್ಬಿ. ಕಾಟಾದ ಹುಡುಗ ಚೀಟಿ ಮ್ಯಾಲ ಮಾಲು ಏನಂತ ಬರೀಬೇಕೋ ತಿಳೀಲಾರ್ದ ಸಾಮಾನು ಅಂತ ಬರದ. ನೀವೂ ಹಾಕ್ಸ್ರಿ, ಚಾ ಕುಡದಷ್ಟು ರೊಕ್ಕ ಹೋಗ್ತೈತಿ ಅಷ್ಟ.

ಸಣ್ಣ ಹ್ಯಾಚ್‌ಬ್ಯಾಕ್‌ಗೆ ಸಿಗಿಸಬ್ಯಾಡ್ರಿ. ಚಾಸಿ ಮ್ಯಾಲ ಬಾಡಿ ಕುಂತಿರೋ ಬೊಲೆರೊ, ಸ್ಕಾರ್ಪಿಯೋ ಅಂಥಾ ಗಾಡಿಗೆ ಹುಕ್ಕನ್ನ ಚಾಸಿಗೆ ಬೋಲ್ಟ್ ಹಾಕಿ ಕೂಡಿಸಬೇಕು, ಬಂಪರ್‌ಗೆ ವೆಲ್ಡಿಂಗ್ ಮಾಡಿಸೂದು ಅಗದಿ ತಪ್ಪು.

ನೋಡಾಕ ಹೋದಾಗ ಎಲ್ಲಾದಕ್ಕಿಂತ ಮೊದ್ಲು ಏನ್ ನೋಡಬೇಕು?

ನೀರು. ಟಯರ್ ಹಾಕಬಹುದು, ಬೇರಿಂಗ್ ಹಾಕಬಹುದು, ಒಳಗ ನೀರು ಕುಡದ ಡಬ್ಬಿಯನ್ನ ಮಾತ್ರ ಅರ್ಧ ಬಿಚ್ಚಬೇಕಾಗ್ತೈತಿ.

ನನ್ನ ಕಥಿ ಕೇಳ್ರಿ. ನಾ ನೋಡಾಕ ಹೋದಾಗ ಮಾರಾಂವ ಒಳಗ ಎಲ್ಲಾ ಹೊಸಾ ವಾಲ್‌ಪೇಪರ್ ಅಂಟ್ಸಿದ್ದ, ಚಂದನ ಪರದೆ, ಘಮಘಮ ರೂಮ್ ಸ್ಪ್ರೇ. ಮಾರ್ಚ್ ತಿಂಗಳು, ಕಡಕ್ ಬಿಸಲು, ಎಲ್ಲಾ ಒಣಗಿತ್ತು. ನಾ ಪರದೆ ನೋಡಿ ಸೋತೆ, ಖರೆ ಹೇಳ್ತೀನಿ. ಜೂನ್‌ನಾಗ ಮೊದಲ ದೊಡ್ಡ ಮಳಿ ಆದ ರಾತ್ರಿ ಹಾಸಿಗಿ ಮ್ಯಾಲ ಮೂಲ್ಯಾಗ ಟಪ್ ಟಪ್ ಅಂತ ಹನಿ. ಮರುದಿನ ವಾಲ್‌ಪೇಪರ್ ತುದಿ ಹಿಡಿದು ಎಳದ್ರ ಒಳಗಿನ ಪ್ಲೈವುಡ್ ತೋಯ್ಸಿಟ್ಟ ಅವಲಕ್ಕಿ ಆಗಿತ್ತು, ಬೆರಳು ಇಟ್ರ ಒಳಗ ಹೋತು. ಅದ ಪರದೇನ ಆಮ್ಯಾಲ ನೆಲ ಒರಸಾಕ ಹಾಕೀವಿ.

ಅದಕ್ಕ ಹೆಬ್ಬಟ್ಟಿನಿಂದ ಒತ್ತಿ ನೋಡ್ರಿ, ಕಿಟಕಿ ಕೆಳಗ, ಛತ್ತಿನ ನಾಲ್ಕೂ ಮೂಲಿ, ಛತ್ತಿನ ಕಿಂಡಿ ಸುತ್ತ, ಹಾಸಿಗಿ ಪೆಟ್ಟಿಗಿ ಒಳಗ, ಗಾಲಿ ಕಮಾನಿನ ಬಾಜೂಕ. ಬೆರಳಗಣ್ಣಿನಿಂದ ಬಡೀರಿ, ಚಲೋ ಪ್ಲೈ ಟಕ್ ಟಕ್ ಅಂತೈತಿ, ಕೊಳೆತದ್ದು ಡಬ್ ಡಬ್ ಅಂತೈತಿ, ಥೇಟ್ ಕಲ್ಲಂಗಡಿ ಹಣ್ಣು ಬಡದು ನೋಡಿದಂಗ. ಒಳಗ ಹೋಗಿ ಬಾಗಲಾ ಹಾಕ್ಕೊಂಡು ಐದು ನಿಮಿಷ ಸುಮ್ನ ಕುಂದರ್ರಿ, ಹಳೆ ಕಂಬಳಿ ವಾಸನಿ ಬಂದ್ರ ಎದ್ದು ಹೊಂಡ್ರಿ. ಸಾಧ್ಯ ಇದ್ರ ಮಳಿಗಾಲದಾಗ ಹೋಗಿ ನೋಡ್ರಿ, ಇಲ್ಲಂದ್ರ ಪೈಪ್ ತೊಗೊಂಡು ಅರ್ಧ ತಾಸು ಛತ್ತಿನ ಮ್ಯಾಲ ನೀರು ಬಿಡಾಕ ಕೇಳ್ರಿ. ಬ್ಯಾಡ ಅಂದ್ರ ಅಲ್ಲೇ ಉತ್ತರ ಸಿಕ್ಕಂಗಾತು. ಹೊಸಾ ಬಣ್ಣ, ಹೊಸಾ ವಾಲ್‌ಪೇಪರ್ ಬರೇ ಒಂದ ಮೂಲಿಗೆ ಇದ್ರ ಆ ಮೂಲಿನೇ ಕೆರೀರಿ.

ಕಾಗದ ಪತ್ರ ಏನೇನು ಬೇಕು? ಟ್ರೇಲರ್‌ಗೂ ಆರ್‌ಸಿ ಇರ್ತೈತಾ?

ಇರ್ತೈತ್ರಿ, ಇರಬೇಕು. ಟ್ರೇಲರ್‌ಗೆ ತನ್ನದ ಸ್ವಂತ ನಂಬರ್, ಸ್ವಂತ ಚಾಸಿ ನಂಬರ್. ಆರ್‌ಸಿ ಒಳಗಿನ ಚಾಸಿ ನಂಬರನ್ನ ಎಳಿಯೋ ಕಬ್ಬಿಣದ ಮ್ಯಾಲ ಪಂಚ್ ಮಾಡಿದ್ದಕ್ಕ ಹೋಲ್ಸಿ ನೋಡ್ರಿ, ಬಣ್ಣ ದಪ್ಪ ಬಳದಿದ್ರ ತಿಕ್ಕಿ ನೋಡ್ರಿ. ಆರ್‌ಸಿ ಇಲ್ಲದ್ದನ್ನ ಪುಕ್ಸಟ್ಟೆ ಕೊಟ್ರೂ ತರಬ್ಯಾಡ್ರಿ.

ನಮ್ಮ ರಾಜ್ಯದ ಒಳಗಿನದಾದ್ರ ಫಾರ್ಮ್ 29 ಮತ್ತ 30, ಮಾರಾಂವ 14 ದಿನದಾಗ ತಿಳಿಸಬೇಕು, ತೊಗೊಂಡಾಂವ 30 ದಿನದಾಗ ಹೆಸರು ಮಾಡ್ಸಿಕೊಬೇಕು. ಬ್ಯಾರೆ ರಾಜ್ಯದ್ದಾದ್ರ ಅಲ್ಲಿ ಆರ್‌ಟಿಓದಿಂದ ಫಾರ್ಮ್ 28 ಒಳಗ ಎನ್‌ಓಸಿ, ಆಮ್ಯಾಲ ಇಲ್ಲಿ ಟ್ಯಾಕ್ಸ್ ತುಂಬಿ ಹೊಸಾ ನಂಬರ್. ಹುಬ್ಬಳ್ಳಿ ಆದ್ರ ಕೆಎ 63, ಧಾರವಾಡ 25, ಗದಗ 26, ಹಾವೇರಿ 27. ಸಾಲದ ಮ್ಯಾಲ ತೊಗೊಂಡದ್ದಿದ್ರ ಸಾಲ ತೀರಿತು ಅನ್ನೋ ಬ್ಯಾಂಕಿನ ಫಾರ್ಮ್ 35 ಮರೀಬ್ಯಾಡ್ರಿ. ಇನ್ಶೂರೆನ್ಸ್ ಮಾಡಿಸುವಾಗ ಟ್ರೇಲರ್‌ನ ನಂಬರ್ ಪಾಲಿಸ್ಯಾಗ ಬರದಾರೋ ಇಲ್ಲೋ ನೋಡ್ರಿ, ಗಾಡಿ ಪಾಲಿಸಿ ಐತಲ್ಲ ಅಂತ ಸುಮ್ನ ಕುಂದರಬ್ಯಾಡ್ರಿ.

## ಎಳಿಯೂದು, ನಿಲ್ಲಿಸೂದು

ಹುಕ್ಕಿನ ಬಾಲ್ ಎಲ್ಲಾ ಒಂದ ಸೈಜ್ ಅಲ್ಲೇನ್ರಿ?

ಅಲ್ರಿ. ಗಾಡಿ ಹುಕ್ಕಿನ ತುದಿಯ ಗುಂಡು ಬಾಲ್, ಅದರ ಮ್ಯಾಲ ಕುಂದರೋ ಡಬ್ಬಿ ಮೂತಿ ಕಪ್ಲರ್. ಯುರೋಪ್ ಕಡಿ ಕಪ್ಲರ್ 50 ಮಿಲಿಮೀಟರ್, ಅಮೆರಿಕದ್ದು 2 ಇಂಚು ಅಂದ್ರ 50.8. ಒಂದು ಮಿಲಿಮೀಟರೂ ಫರಕ್ ಇಲ್ಲ, ಏನಾಗ್ತೈತಿ ಅಂತೀರಿ. 2 ಇಂಚಿನ ಕಪ್ಲರ್‌ನ್ಯಾಗ 50ರ ಬಾಲ್ ಕುಂತ್ರ ಸಡಿಲ ಆಗಿ ಕಟಕಟ ಅಂತೈತಿ, ಸವದ ಬಾಲ್ ಆಗಿದ್ರ ಹಂಪಿನ ಮ್ಯಾಲ ಹಾರಿ ಹೊರಗ ಬರಬಹುದು. ಕಪ್ಲರ್ ಮ್ಯಾಲ ಸೈಜ್ ಪಂಚ್ ಆಗಿರ್ತೈತಿ, ಓದಿ ಬಾಲ್ ತೊಗೊರಿ. ಲಾಕ್ ಹಾಕಿದ ಮ್ಯಾಲ ಜಾಕಿ ಗಾಲಿ ತಿರುಗಿಸಿ ಮ್ಯಾಲ ಎತ್ತಿ ನೋಡ್ರಿ, ಗಾಡಿ ಹಿಂದಿನ ಭಾಗನೂ ಕೂಡೆ ಎದ್ರ ಬರೋಬ್ಬರಿ ಕುಂತೈತಿ. ಸೇಫ್ಟಿ ಚೈನ್ ಕೆಳಗ ಕತ್ತರಿ ಹಂಗ ಅಡ್ಡಡ್ಡ ಹಾಕ್ರಿ, ಹುಕ್ ಬಿಚ್ಚಿದ್ರ ಮುಂದಿನ ಕಬ್ಬಿಣ ಅದರ ಮ್ಯಾಲ ಕುಂದರ್ತೈತಿ, ರೋಡಿಗೆ ನೆಡಾಂಗಿಲ್ಲ.

ಗದಗ ರೋಡಿಗೆ ಡಬ್ಬಿ ಹಾವಿನಂಗ ಹೊಯ್ದಾಡಾಕತ್ತಿತ್ತು, ಜೀವಾನ ಹೋತು. ಯಾಕ ಹಿಂಗ?

ಹತ್ರಾಗ ಎಂಟು ಸಲ ಮೂತಿ ತೂಕ ಕಮ್ಮಿ ಇರ್ತೈತಿ. ಮೂತಿ ತೂಕ ಅಂದ್ರ ಹುಕ್ಕಿನ ಬಾಲ್ ಮ್ಯಾಲ ಬೀಳೋ ಭಾರ. ಅಮೆರಿಕದವರು ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರ್ಲಿ ಅಂತಾರ, ಯುರೋಪಿನವರು 5ರಿಂದ 7, ನಾ 8-9ರಾಗ ಇಡ್ತೀನಿ, ನನ್ನ ಹುಕ್ಕಿನ ಲಿಮಿಟ್ 75 ಕೆಜಿ ಐತಿ, ಅದನ್ನ ದಾಟಾಂಗಿಲ್ಲ. ಮನ್ಯಾಗ ತೂಕ ನೋಡ್ಕೊಳ್ಳೋ ಮಿಷನ್ ಐತಲ್ಲ, ಅದರ ಮ್ಯಾಲ ಒಂದು ಕಟಿಗಿ ತುಂಡು ಹುಕ್ಕಿನ ಎತ್ತರಕ್ಕ ನಿಲ್ಸಿ ಕಪ್ಲರ್ ಇಳಿಸಿ ನೋಡ್ರಿ, ಗೊತ್ತಾಗ್ತೈತಿ. ನೀರಿನ ಟ್ಯಾಂಕ್, ಎಕ್ಸ್ಟ್ರಾ ಟಯರ್, ಜನರೇಟರ್ ಎಲ್ಲಾ ತೊಗೊಂಡು ಡಬ್ಬಿ ಹಿಂದಿನ ತುದಿಗೆ ಹೇರೋರಿಗೆ ಈ ಹಾವಿನ ಆಟ ತಪ್ಪೂದಿಲ್ಲ. ಭಾರದ್ದು ಆಕ್ಸಲ್ ಮ್ಯಾಲ, ನೆಲಕ್ಕ ಹತ್ತಿ ಇರಬೇಕು, ಹಗರದ್ದು ಮ್ಯಾಲಿನ ಕಪಾಟಿಗೆ.

ಗದಗ ಕಡೆ ಇನ್ನೊಂದು ಐತಿ, ಗಾಳಿ. ಕಪ್ಪತಗುಡ್ಡದ ಕಡೆ ಅಷ್ಟು ಫ್ಯಾನ್ ನಿಲ್ಸ್ಯಾರ ಅಂದ್ರ ಸುಮ್ನ ಅಲ್ಲ. ಬಯಲಾಗ ಬಾಜೂಕಿನಿಂದ ಗಾಳಿ ಹೊಡೀತೈತಿ, ಅದರಾಗ ದೊಡ್ಡ ಬಸ್ ಓವರ್‌ಟೇಕ್ ಮಾಡಿದ್ರ ಮೊದ್ಲು ಡಬ್ಬೀನ ತನ್ನ ಕಡೆ ಎಳೀತೈತಿ, ದಾಟಿದ ಮ್ಯಾಲ ದೂಡ್ತೈತಿ. 60ರ ಮ್ಯಾಲ ಹೋಗಬ್ಯಾಡ್ರಿ. ಹೊಯ್ದಾಡಾಕ ಶುರು ಆದ್ರ ಗಪ್ಪನ ಬ್ರೇಕ್ ಒತ್ತಬ್ಯಾಡ್ರಿ, ಸ್ಟೇರಿಂಗ್ ಅತ್ತಾಗ ಇತ್ತಾಗ ತಿರುವಿ ಸರಿ ಮಾಡಾಕ ಹೋಗಬ್ಯಾಡ್ರಿ, ಸ್ಟೇರಿಂಗ್ ನೆಟ್ಟಗ ಹಿಡಿದು ಎಕ್ಸಲೇಟರ್‌ನಿಂದ ಕಾಲು ತಗೀರಿ ಅಷ್ಟ, ತಾನ ಶಾಂತ ಆಗ್ತೈತಿ.

ಅರಬೈಲು ಘಾಟ್ ಇಳಿಸಬಹುದೇನು?

ಇಳಿಸೀವಿ, ಎರಡು ಸಲ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಇಳಿಯುವಾಗ ಇಳಿಜಾರು ಶುರು ಆಗೂಕಿಂತ ಮೊದ್ಲ ಗೇರ್ ಇಳಿಸಿ ಹೋಗ್ರಿ, ಎಂಜಿನ್ ಹಿಡೀಬೇಕು, ಬ್ರೇಕ್ ಅಲ್ಲ. ನನ್ನ ಡಬ್ಬಿಗಿರೂದು ಓವರ್‌ರನ್ ಬ್ರೇಕ್, ಅಂದ್ರ ಗಾಡಿ ನಿಧಾನ ಆದಾಗ ಡಬ್ಬಿ ಹಿಂದಿನಿಂದ ದೂಡಿ ತನ್ನ ಬ್ರೇಕ್ ತಾನ ಹಾಕೋತೈತಿ. ನೀವು ಪೂರಾ ಇಳಿಜಾರು ಬ್ರೇಕ್ ಮ್ಯಾಲ ಕಾಲಿಟ್ರ ಅದೂ ಅಷ್ಟೂ ಹೊತ್ತು ಒರಸ್ಕೊಂತ ಬರ್ತೈತಿ, ಕಾದು ಹಿಡಿಯೂದು ಬಿಡ್ತೈತಿ. ಹಿಂದ ಲಾರಿ ಹಾರ್ನ್ ಹೊಡದ್ರ ಹೊಡೀಲಿ, ಜಾಗ ಸಿಕ್ಕಲ್ಲಿ ಬಾಜೂಕ ನಿಂತು ಬಿಟ್ಟುಕೊಡ್ರಿ. ಬ್ರೇಕ್ ಇಲ್ಲದ ಡಬ್ಬಿ ತೊಗೊಂಡು ಘಾಟಿಗೆ ಮಾತ್ರ ಹೋಗಬ್ಯಾಡ್ರಿ.

ರಿವರ್ಸ್ ಹಾಕಾಕ ಬರವಲ್ದು, ಏನ್ ಮಾಡ್ಲಿ?

ಯಾರಿಗೂ ಬರೂದಿಲ್ಲ ಮೊದ್ಲಿಗೆ. ಸ್ಟೇರಿಂಗ್ ಕೆಳಗ, ಗಡಿಯಾರದಾಗ 6 ಇರೋ ಜಾಗಕ್ಕ ಕೈ ಹಿಡೀರಿ, ಡಬ್ಬಿ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನ ಆ ಕಡೆನ ಸರಸ್ರಿ. ಸ್ವಲ್ಪ ಸ್ವಲ್ಪ. ಡಬ್ಬಿ ಚಾಕು ಮಡಚಿದಂಗ ಆಗಾಕತ್ತಿದ್ರ ಮುಂದ ಹೋಗಿ ನೆಟ್ಟಗ ಮಾಡ್ಕೊಂಡು ಮತ್ತ ಶುರು ಮಾಡ್ರಿ, ಅದರಾಗ ನಾಚಿಕಿ ಏನಿಲ್ಲ. ಟ್ರ್ಯಾಕ್ಟರ್ ಹೊಡಿಯೋರು ಗೊತ್ತಿದ್ರ ಒಂದು ತಾಸು ಅವರ ಬಾಜೂಕ ಕುಂದರ್ರಿ, ಅವರು ಎರಡು ಟ್ರೇಲರ್ ಕಟ್ಕೊಂಡು ಸಕ್ಕರಿ ಫ್ಯಾಕ್ಟರ್‍ಯಾಗ ರಿವರ್ಸ್ ಹಾಕೂ ಮಂದಿ. ಹಳೆ ಓವರ್‌ರನ್ ಬ್ರೇಕಿನ ಡಬ್ಬಿಗೆ ರಿವರ್ಸ್ ಲಾಕ್ ಲೀವರ್ ಇರ್ತೈತಿ, ಅದನ್ನ ಹಾಕದ ಹೋದ್ರ ಹಿಂದ ಹೋಗುವಾಗ ಬ್ರೇಕ್ ಬಿದ್ದು ಗಾಡಿ ಕದಲೂದಿಲ್ಲ.

ಹಿಂದ ನಿಂತು ದಾರಿ ತೋರ್ಸೋರ ಜೋಡಿ ಮೊದ್ಲ ಮಾತಾಡ್ಕೊರಿ. ಮೊದಲ ಟ್ರಿಪ್ಪಿನ್ಯಾಗ ನಮ್ಮ ಮನಿಯಾಕಿ ಎಡಕ್ಕ ಎಡಕ್ಕ ಅಂದ್ಲು, ನಾ ತಿರುವಿದೆ, ಬೇವಿನ ಗಿಡಕ್ಕ ಹೋಗಿ ಹಿಂದಿನ ದೀಪ ಒಡೀತು. "ಎಡಕ್ಕ ಅಂದ್ಯಲ್ಲ?" ಅಂದೆ. "ರೀ, ನಾ ಹೇಳಿದ್ದು ನನ್ನ ಎಡಕ್ಕ, ನಾ ನಿಮ್ಮ ಕಡೆ ಮುಖ ಮಾಡಿ ನಿಂತಿಲ್ಲೇನು?" ಅಂದ್ಲು. ಈಗ ಎಡ ಬಲ ಇಲ್ಲ, ಡ್ರೈವರ್ ಕಡೆ, ಕ್ಲೀನರ್ ಕಡೆ ಅಂತೀವಿ.

## ಮೇಂಟೆನನ್ಸ್

ಇದಕ್ಕ ಸರ್ವಿಸ್ ಸೆಂಟರ್ ಎಲ್ಲೈತಿ?

ಎಲ್ಲಾ ಕಡೆ ಐತಿ, ಬರೇ ಬೋರ್ಡ್ ಬ್ಯಾರೆ. ಕೆಳಗಿನ ಭಾಗ ಪೂರಾ ಟ್ರ್ಯಾಕ್ಟರ್ ಟ್ರೇಲರ್‌ನ ಬಂಧು ಬಳಗಾನ. ಅಣ್ಣಿಗೇರಿ ಹತ್ರ ಒಮ್ಮಿ ಹಿಂದಿನಿಂದ ರಬ್ಬರ್ ಸುಟ್ಟ ವಾಸನಿ ಬಂತು, ಇಳದು ನೋಡಿದ್ರ ಎಡಗಡೆ ಗಾಲಿ ಮಡ್‌ಗಾರ್ಡಿಗೆ ತಿಕ್ಕಾಕತ್ತೈತಿ. ಪಾಟಾದ (ಆಕ್ಸಲ್ ಹಿಡಿಯೋ ಕಬ್ಬಿಣ ಪಟ್ಟಿ ಸ್ಪ್ರಿಂಗ್) ಸೆಂಟರ್ ಬೋಲ್ಟ್ ಕಟ್ ಆಗಿ ಆಕ್ಸಲ್ ನಾಲ್ಕು ಬೆರಳು ಹಿಂದ ಸರದಿತ್ತು. ರೋಡಿನ ಬಾಜೂಕ ಟ್ರೇಲರ್ ವೆಲ್ಡಿಂಗ್ ಶೆಡ್ ಒಂದಿತ್ತು, ಅಲ್ಲಿ ಕಾಕಾ ಒಬ್ರು ಬಗ್ಗಿ ನೋಡಿ, "ಸಾಹೇಬ್ರ, ಇದು ನಮ್ಮ ಟೇಲರ್ ಪಾಟಾನ ಐತಿ, ಹೆಸರಷ್ಟ ದೊಡ್ಡದು" ಅಂದ್ರು. ಬೋಲ್ಟ್ ಯಾಕ ಕಟ್ ಆತು ಅಂತನೂ ಅವರ ತೋರ್ಸಿದ್ರು. ಆಕ್ಸಲನ್ನ ಪಾಟಾಕ್ಕ ಬಿಗಿಯೋ ಯೂ ಬೋಲ್ಟ್ ಸಡಿಲ ಆಗಿದ್ವು, ಅವು ಬಿಗಿ ಹಿಡೀಲಿಲ್ಲಂದ್ರ ಪೂರಾ ಜಗ್ಗಾಟ ಆ ಸಣ್ಣ ಸೆಂಟರ್ ಬೋಲ್ಟ್ ಮ್ಯಾಲ ಬೀಳ್ತೈತಿ. ಎರಡು ತಾಸಿನ್ಯಾಗ ಹೊಸಾ ಬೋಲ್ಟ್ ಹಾಕಿ ಕಳಿಸಿದ್ರು. ಆವತ್ತಿಂದ ದೊಡ್ಡ ಟ್ರಿಪ್ಪಿಗೆ ಮೊದ್ಲು ಯೂ ಬೋಲ್ಟಿಗೆ ಪಾನಾ ಹಚ್ಚಿ ನೋಡೂದು ರೂಢಿ.

ಗಾಲಿ ಬೇರಿಂಗ್ ವರ್ಷಕ್ಕೊಮ್ಮಿ ಬಿಚ್ಚಿ ಡೀಸೆಲ್‌ನ್ಯಾಗ ತೊಳದು, ಹೊಸಾ ಗ್ರೀಸ್ ತುಂಬಿ, ಸೀಲ್ ಬದಲಿ ಮಾಡ್ಸ್ರಿ. ಡಬ್ಬಿ ಓಡೂದು ಕಮ್ಮಿ, ನಿಲ್ಲೂದು ಹೆಚ್ಚು, ನಿಂತಲ್ಲೇ ನೀರು ಹಿಡಿದು ತುಕ್ಕು ಹತ್ತೂದು. ದಾರ್‍ಯಾಗ ಚಾ ಕುಡ್ಯಾಕ ನಿಂತಾಗೆಲ್ಲಾ ಗಾಲಿ ನಡುವಿನ ಹಬ್ ಮ್ಯಾಲ ಕೈ ಇಟ್ಟು ನೋಡ್ರಿ, ಬೆಚ್ಚಗಿದ್ರ ಸರಿ, ಕೈ ಇಡಾಕ ಆಗಲಿಲ್ಲ ಅಂದ್ರ ಅಲ್ಲೇ ನಿಲ್ರಿ. ಗಾಲಿ ಬಿಚ್ಚಿ ಹಾಕಿದ ಮ್ಯಾಲ 50 ಕಿಮೀ ಓಡಿಸಿ ಒಮ್ಮಿ ನಟ್ ಮತ್ತ ಬಿಗಿ ಮಾಡ್ರಿ.

ಟಯರ್ ಗುಂಡಿ ಹೊಸಾದರಂಗ ಅದಾವು, ಯಾಕ ಬದಲಿ ಮಾಡಬೇಕು?

ಟ್ರೇಲರ್ ಟಯರ್ ಸವದು ಸಾಯೂದಿಲ್ಲ, ವಯಸ್ಸಾಗಿ ಸಾಯ್ತಾವು. ಬಾಜೂಕ ನಾಲ್ಕು ಅಂಕಿ ಇರ್ತಾವು, 2319 ಅಂತಿದ್ರ 2019ರ 23ನೇ ವಾರದಾಗ ಮಾಡಿದ್ದು. ಐದು ವರ್ಷ ದಾಟಿದ್ರ ದಿನಾ ನೋಡ್ರಿ, ಏಳು ದಾಟಿದ್ರ ತಗೀರಿ, ಸೈಡಿಗೆ ಕರಿ ಮಣ್ಣಿನ ಎರಿ ಹೊಲದಂಗ ಬಿರುಕು ಬಿಟ್ಟಿದ್ರ ವಯಸ್ಸು ಕೇಳಬ್ಯಾಡ್ರಿ.

ಛತ್ತು ಸೋರ್ತೈತಿ, ಸಿಲಿಕಾನ್ ಬಳದುಬಿಡ್ಲ್ಯಾ?

ಬ್ಯಾಡ್ರೀ ಬ್ಯಾಡ. ಬಾತ್‌ರೂಮಿಗೆ ಹಾಕೋ, ವಿನೆಗರ್ ವಾಸನಿ ಬರೋ ಸಿಲಿಕಾನ್ ಬಿಸಲಿಗೆ ಅಂಚು ಬಿಟ್ಟು ಏಳ್ತೈತಿ, ತಗಡಿಗೆ ತುಕ್ಕು ಹಿಡಿಸ್ತೈತಿ, ಮತ್ತ ಅದು ಒಮ್ಮಿ ಬಿದ್ದ ಜಾಗಕ್ಕ ಮುಂದ ಯಾವ ಚಲೋ ಸೀಲಂಟೂ ಹಿಡಿಯೂದಿಲ್ಲ. ನನ್ನ ಹಿಂದಿನ ಮಾಲಕ ಮೂರು ಥರ ಮ್ಯಾಲ ಮ್ಯಾಲ ಬಳದಿದ್ದ, ಬ್ಲೇಡ್ ತೊಗೊಂಡು ಕೆರಿಯಾಕ ನನಗ ಎರಡು ಆಯಿತವಾರ ಹೋದ್ವು.

ಸರಿ ದಾರಿ ಏನಂದ್ರ, ಕಿಂಡಿಯೋ ಕಿಟಕಿಯೋ ಸ್ಕ್ರೂ ಬಿಚ್ಚಿ ಪೂರಾ ಹೊರಗ ತಗೀರಿ, ಹಳೇದೆಲ್ಲಾ ಕೆರದು ಒರಸ್ರಿ, ಫ್ರೇಮಿನ ಕೆಳಗ ಬ್ಯುಟೈಲ್ ಟೇಪ್ (ಅಂಟಂಟು ಮೆತ್ತನ ರಬ್ಬರ್ ಪಟ್ಟಿ) ಹಾಕಿ ಸ್ಕ್ರೂ ಒಂದು ಈ ಕಡೆ ಒಂದು ಆ ಕಡೆ ಸ್ವಲ್ಪ ಸ್ವಲ್ಪ ಬಿಗೀರಿ, ಹೊರಗ ಒಸರಿದ್ದನ್ನ ಕತ್ತರಿಸಿ ಅಂಚಿಗೆ ಪಾಲಿಯುರಿಥೇನ್ ಸೀಲಂಟ್ ಎಳೀರಿ. ಬಿಸಲಾಗ ತಗಡು ಹಿಗ್ಗತೈತಿ, ರಾತ್ರಿ ಕುಗ್ಗತೈತಿ, ಅದಕ್ಕ ಜೋಡಿ ಹೋಗೋ ಮೆತ್ತನ ಸಾಮಾನ ಬೇಕು. ಮತ್ತ ನೀರು ಹನಿಯೋ ಜಾಗಾನೂ ನೀರು ಒಳಗ ಬರೋ ಜಾಗಾನೂ ಒಂದ ಅಲ್ಲ, ಮುಂದಿನ ಕಿಂಡ್ಯಾಗ ಹೊಕ್ಕ ನೀರು ಹಿಂದಿನ ಹಾಸಿಗಿ ಮ್ಯಾಲ ಹನೀತೈತಿ. ವರ್ಷಾ ಮೇ ಕೊನಿಗೆ, ರೋಹಿಣಿ ಮಳಿ ಬರೂ ಮೊದ್ಲ, ಏಣಿ ಹಾಕಿ ಮ್ಯಾಲ ಹತ್ತಿ ಪೂರಾ ಅಂಚು ನೋಡ್ತೀನಿ.

ಕೊಳೆತ ಪ್ಲೈ ಬದಲಿ ಯಾವದು ಹಾಕ್ಲಿ?

ಐಎಸ್ 710 ಅಂತ ಛಾಪು ಇರೋ ಮರೀನ್ ಪ್ಲೈ. ಫರ್ನಿಚರ್ ಮಾಡೋ ಕಮರ್ಷಿಯಲ್ ಪ್ಲೈ ಎರಡು ಮಳಿಗಾಲ ಬರೂದಿಲ್ಲ. ಕತ್ತರಿಸಿದ ಅಂಚಿನಿಂದಾನ ನೀರು ಕುಡಿಯೂದು, ಅದಕ್ಕ ಅಂಚಿಗೆ ಎರಡು ಸಲ ಎಪಾಕ್ಸಿ ಬಳೀರಿ. ಒದ್ದಿ ಫ್ರೇಮಿನ ಮ್ಯಾಲ ಹೊಸಾ ಪ್ಲೈ ಬಡೀಬ್ಯಾಡ್ರಿ, ಒಂದು ವಾರ ಬಿಚ್ಚಿಟ್ಟು ಒಣಗ್ಲಿ, ನಮ್ಮೂರ ಬ್ಯಾಸಗಿ ಇನ್ನ್ಯಾವ ಕೆಲಸಕ್ಕ ಐತಿ.

ಮಳಿಗಾಲದಾಗ ತಾಡಪತ್ರಿ ಹೊದಿಸಿ ಕಟ್ಟಿಟ್ರ ಸಾಕಲ್ಲ?

ಬಿಗಿಯಾಗಿ ಹೊದಿಸಿದ್ರ ಒಳಗ ಹಬೆ ಹಿಡಿದು ಬೂಸು ಬೆಳೀತೈತಿ. ಮ್ಯಾಲ ನಾಲ್ಕು ಕಂಬದ ತಗಡಿನ ಶೆಡ್ ಚಲೋ, ಇಲ್ಲಂದ್ರ ತಾಡಪತ್ರಿ ಕೆಳಗ ಬಿದಿರು ಕೊಟ್ಟು ಗಾಳಿ ಆಡೂವಂಗ ಕಟ್ರಿ. ಮೂತಿ ಸ್ವಲ್ಪ ಎತ್ತರಕ್ಕಿಡ್ರಿ, ಛತ್ತಿನ ಮ್ಯಾಲ ನೀರು ನಿಲ್ಲಬಾರದು. ಗಾಲಿ ಭಾರ ಇಳಿಸಿ ಆಕ್ಸಲ್ ಕೆಳಗ ಕಲ್ಲು ಕೊಡ್ರಿ, ಕಟಿಗಿ ಕೊಟ್ರ ಗೆದ್ದಲಿಗೆ ಏಣಿ ಹಾಕಿಕೊಟ್ಟಂಗ. ಇಲಿಗೆ ಪೈಪ್ ಹೋಗೋ ತೂತಿನ್ಯಾಗ ಪಾತ್ರಿ ತಿಕ್ಕೋ ಸ್ಟೀಲ್ ಜುಂಗು ತುರಕ್ರಿ, ಒಳಗ ಒಂದು ಬಿಸ್ಕೀಟ್ ಚೂರೂ ಬಿಡಬ್ಯಾಡ್ರಿ. ನನ್ನ ವೈರಿಂಗ್ ಒಮ್ಮಿ ಕಡಿದದ್ದು ಧಾರವಾಡ ಪೇಡೆ ಡಬ್ಬಿ ಬಿಟ್ಟದ್ದಕ್ಕ.

## ನೀರು, ಕರೆಂಟ್, ಗ್ಯಾಸ್

ನೀರು ಎಷ್ಟು ಹಿಡೀತೈತಿ? ಸಂಡಾಸದ ವ್ಯವಸ್ಥಾ ಹೆಂಗ?

ನಂದು 60 ಲೀಟರ್ ಟ್ಯಾಂಕ್, ಇಬ್ಬರಿಗೆ ಎರಡು ದಿನ. ವಾರಕ್ಕೊಮ್ಮಿ ನಳ ಬಿಟ್ಟ ಕಾಲ ಕಂಡ ಹುಬ್ಬಳ್ಳಿ ಮಂದಿಗೆ ನೀರು ಉಳಿಸೂದನ್ನ ಯಾರೂ ಕಲಿಸಬೇಕಾಗಿಲ್ಲ. ಒಂದು ಲೀಟರ್ ಅಂದ್ರ ಒಂದು ಕೆಜಿ, ಅದಕ್ಕ ದಾರ್‍ಯಾಗ ಹತ್ತು ಹದಿನೈದು ಲೀಟರ್ ಅಷ್ಟ, ಊರು ಮುಟ್ಟಿ ತುಂಬಿಸ್ರಿ. ವಾಪಸ್ ಬಂದ ಮ್ಯಾಲ ಪೂರಾ ಖಾಲಿ ಮಾಡಿ ಒಣಗಿಸ್ರಿ.

ಸಂಡಾಸಕ್ಕ ಕ್ಯಾಸೆಟ್ ಟಾಯ್ಲೆಟ್, ಕೆಳಗಿನ ಸುಮಾರು 20 ಲೀಟರ್ ಟ್ಯಾಂಕ್ ಬಿಚ್ಚಾಕ ಬರ್ತೈತಿ. ಅದನ್ನ ಮನಿ ಸಂಡಾಸಕ್ಕೋ ಪೆಟ್ರೋಲ್ ಪಂಪಿನ ಸಂಡಾಸಕ್ಕೋ ಕೇಳಿ ಸುರೀಬೇಕು, ಹಳ್ಳಕ್ಕ ಕೆರಿಗೆ ಸುರದ್ರ ನಿಮ್ಮ ಜೋಡಿ ನನ್ನ ಮಾತು ಮುಗೀತು.

ಮನಿ ಇನ್ವರ್ಟರ್‌ನ ಹಳೆ ಬ್ಯಾಟರಿ ಹಾಕಿದ್ರ ನಡೀತೈತೇನು?

ನಡೀತೈತಿ, ಆದ್ರ 150 ಎಹೆಚ್ (ಆಂಪಿಯರ್ ಅವರ್) ಟ್ಯೂಬುಲರ್ ಅಂದ್ರ 50 ಕೆಜಿ ಮ್ಯಾಲ ಭಾರ, ಆಸಿಡ್ ಹಬೆ ಹೊರಗ ಹೋಗಾಕ ದಾರಿ ಬೇಕು, ಮತ್ತ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದ್ರ ಲಗೂ ಸಾಯ್ತೈತಿ. ನಾ ಎರಡನೇ ವರ್ಷ 100 ಎಹೆಚ್ ಲಿಥಿಯಂ ಐರನ್ ಫಾಸ್ಫೇಟ್ ಹಾಕಿದೆ, 12.8 ವೋಲ್ಟ್, ಅಂದ್ರ 1280 ವ್ಯಾಟ್ ಅವರ್, ಹತ್ರಾಗ ಒಂಬತ್ತು ಪಾಲು ಬಳಸಬಹುದು, ತೂಕ 12-13 ಕೆಜಿ. ಇದನ್ನ ಸೊನ್ನೆ ಡಿಗ್ರಿ ಕೆಳಗ ಚಾರ್ಜ್ ಮಾಡಬಾರದು ಅಂತ ದೊಡ್ಡ ಅಕ್ಷರದಾಗ ಬರದಾರ, ಹುಬ್ಬಳ್ಳ್ಯಾಗ ಆ ಚಿಂತಿ ಇಲ್ಲ, ನಮಗಿರೂದು ಏಪ್ರಿಲ್ ಚಿಂತಿ. ಬಿಸಲಾಗ ನಿಂತ ಡಬ್ಬಿ ಒಳಗ 45 ಡಿಗ್ರಿ ದಾಟ್ತೈತಿ, ಅದಕ್ಕ ಬ್ಯಾಟರಿ ನೆಲಕ್ಕ ಹತ್ತಿ, ನೆರಳಿನ ಬಾಜೂಕ, ಗಾಳಿ ಆಡೋ ಜಾಗಕ್ಕ ಇರ್ಲಿ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನ ಒಳಗ ಫ್ಯೂಸ್ ಹಾಕ್ರಿ, ಮಿನಿ ಫ್ರಿಜ್ ಗಿಜ್ ಎಲ್ಲಾ ಆಮ್ಯಾಲ.

ಸೋಲಾರ್ ಎಷ್ಟು ವ್ಯಾಟ್ ಬೇಕು?

ಲೆಕ್ಕ ಹಾಕೂಣು. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ 45 ವ್ಯಾಟ್, ದಿನದಾಗ ನೂರಕ್ಕ 40 ಪಾಲು ಹೊತ್ತು ಓಡ್ತೈತಿ ಅಂದ್ರ 430 ವ್ಯಾಟ್ ಅವರ್. ಫ್ಯಾನ್ 25 ವ್ಯಾಟ್ 8 ತಾಸು, 200. ದೀಪ, ಮೊಬೈಲ್, ನೀರಿನ ಪಂಪ್ ಸೇರಿ 100. ಒಟ್ಟು 730. ಛತ್ತಿನ ಮ್ಯಾಲ 200 ವ್ಯಾಟ್ ಪ್ಯಾನೆಲ್, ನಮ್ಮ ಕಡೆ ಚಲೋ ಬಿಸಲಿನ 5 ತಾಸು, ಧೂಳು ಬಿಸಿ ಅಂತ ಕಾಲು ಭಾಗ ಕಳೀರಿ, 750 ಬರ್ತೈತಿ. ಬ್ಯಾಸಗಿಗೆ ಬರೋಬ್ಬರಿ. ಜುಲೈದಾಗ ಮೋಡ ಮುಚ್ಚಿದ್ರ ಅರ್ಧನೂ ಬರೂದಿಲ್ಲ, ಆವಾಗ ಫ್ರಿಜ್ ಬಂದ್. ಪ್ಯಾನೆಲ್ಲಿನಿಂದ ಆದಷ್ಟು ಹೆಚ್ಚು ಕರೆಂಟ್ ತಗದು ಬ್ಯಾಟರಿಗೆ ಕೊಡೋ ಎಂಪಿಪಿಟಿ ಕಂಟ್ರೋಲರ್ ಹಾಕ್ರಿ, ಪ್ಯಾನೆಲ್‌ನ ಛತ್ತಿಗೆ ಮೈ ಹಚ್ಚಿ ಕೂಡಿಸದ ಒಂದು ಇಂಚು ಎತ್ತರಕ್ಕ ಇಡ್ರಿ, ಕೆಳಗ ಗಾಳಿ ಹೋದ್ರ ತಂಪಿರ್ತೈತಿ, ಕರೆಂಟ್ ಹೆಚ್ಚು ಬರ್ತೈತಿ.

ಎಸಿ? ಇಂಡಕ್ಷನ್ ಒಲಿ?

1800 ವ್ಯಾಟಿನ ಇಂಡಕ್ಷನ್ 12 ವೋಲ್ಟ್ ಬ್ಯಾಟರಿಯಿಂದ 170 ಆಂಪಿಯರ್ ಜಗ್ಗತೈತಿ. ವೈರ್ ಹೆಬ್ಬಟ್ಟಿನಷ್ಟು ದಪ್ಪ ಬೇಕು. ಒಂದು ಟನ್ ಎಸಿ ನನ್ನ ಪೂರಾ ಬ್ಯಾಟರೀನ ಒಂದು ತಾಸಿನ್ಯಾಗ ಕುಡದು ಬಿಡ್ತೈತಿ. ಎರಡೂ ಬ್ಯಾಡ. ಬೇವಿನ ಗಿಡದ ನೆರಳು ಹುಡುಕ್ರಿ, ಛತ್ತಿಗೆ ಬಿಳಿ ಬಣ್ಣ ಬಳೀರಿ.

ಢಾಬಾದಾಗ ಕರೆಂಟ್ ತೊಗೊಂಡಾಗ ಬಾಗಲಾ ಮುಟ್ಟಿದ್ರ ಜುಂ ಅಂತೈತಲ್ಲ?

ಇದು ನಗೂ ಮಾತಲ್ರಿ. ಅಲ್ಲಿ ಸಾಕೆಟ್ಟಿನ್ಯಾಗ ಅರ್ಥಿಂಗ್ ಇಲ್ಲ, ನಿಮ್ಮ ಡಬ್ಬಿ ಒಳಗ ಎಲ್ಲೋ ಲೀಕ್ ಐತಿ, ತಗಡಿನ ಬಾಡಿ ಪೂರಾ ಕರೆಂಟ್ ಹಿಡದೈತಿ. ಡಬ್ಬಿ ರಬ್ಬರ್ ಗಾಲಿ ಮ್ಯಾಲ ನಿಂತಿರ್ತೈತಿ, ನೀವು ಬರಿಗಾಲಿನ್ಯಾಗ ಹಸಿ ನೆಲದ ಮ್ಯಾಲ ನಿಂತು ಬಾಗಲಾ ಹಿಡದ್ರ ಕರೆಂಟಿಗೆ ನೆಲಕ್ಕ ಹೋಗಾಕ ದಾರಿ ನೀವ. ನನಗ ಹಾವೇರಿ ಕಡೆ ಒಂದು ಢಾಬಾದಾಗ ಹೊಡದದ್ದು, ಕೈ ಮೊಣಕೈ ತನಕ ಅರ್ಧ ತಾಸು ಝುಮುಝುಮು. ಮರುವಾರ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿದೆ, ಕರೆಂಟ್ ಸೋರಿದ್ ಕೂಡ್ಲೇ ಆ ಸ್ವಿಚ್ ತಾನ ಬಿದ್ದು ಬಂದ್ ಆಗ್ತೈತಿ. ಈಗ ಎಲ್ಲೇ ಪ್ಲಗ್ ಹಾಕೂಮುಂದ ಮೂರು ದೀಪದ ಸಾಕೆಟ್ ಟೆಸ್ಟರ್ ಚುಚ್ಚಿ ನೋಡ್ತೀನಿ, ಅರ್ಥಿಂಗ್ ಇಲ್ಲಂದ್ರ ಸೋಲಾರ್ ಮ್ಯಾಲ ಇರ್ತೀವಿ.

ಮನಿ ಗ್ಯಾಸ್ ಸಿಲಿಂಡರ್ ಒಯ್ಯಬಹುದೇನು?

14.2 ಕೆಜಿದ್ದು ಬ್ಯಾಡ, ಅದು ಮನಿಗೆ ಕೊಟ್ಟದ್ದು, ಭಾರಾನೂ ಐತಿ. 5 ಕೆಜಿ ಸಣ್ಣ ಸಿಲಿಂಡರ್ ಏಜೆನ್ಸಿಯೊಳಗ ಸಿಗ್ತೈತಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ನೆಲದ ಮ್ಯಾಲ ನೀರಿನಂಗ ನಿಲ್ತೈತಿ, ಅದಕ್ಕ ಸಿಲಿಂಡರ್ ಪೆಟ್ಟಿಗಿ ಹೊರಗಿನಿಂದ ತಗಿಯೂವಂಗ ಇರಬೇಕು, ತಳಕ್ಕ ತೂತು ಇರಬೇಕು. ಮಾರೋರು ಆ ತೂತನ್ನ ಧೂಳು ಬರ್ತೈತಿ ಅಂತ ಮುಚ್ಚಿರ್ತಾರ, ತಗೀರಿ. ಪೈಪಿನ ಮ್ಯಾಲ ಐಎಸ್‌ಐ ಗುರ್ತು, ತಾರೀಖು ನೋಡ್ರಿ, 5 ವರ್ಷಕ್ಕ ಬದಲಿ. ಜೋಡಣಿಗೆ ಸಾಬೂನು ನೊರೆ ಹಚ್ಚಿ ಗುಳ್ಳಿ ಬರ್ತಾವೇನು ನೋಡ್ರಿ. ಗಾಡಿ ಓಡೂಮುಂದ ಸಿಲಿಂಡರ್ ಬಂದ್. ಅಡಿಗಿ ಮಾಡೂಮುಂದ ಕಿಟಕಿ ತಗೀರಿ, ಥಂಡಿ ಅಂತ ಒಲಿ ಹಚ್ಚಿ ಬಾಗಲಾ ಹಾಕ್ಕೊಂಡು ಮಲಗೂದು ಸಾವಿಗೆ ಕರದಂಗ. ಬಾಗಲದ ಬಾಜೂಕ ಬೆಂಕಿ ಆರಿಸೋ 2 ಕೆಜಿ ಸಿಲಿಂಡರ್ ಒಂದು ಇರ್ಲಿ.

## ಇನ್ನೂ ಮುಂದ ಹೋಗೋರಿಗೆ

ಎಲ್ಲಿ ನಿಲ್ಲಿಸ್ತೀರಿ ರಾತ್ರಿ?

ಗೆಳ್ಯಾರ ಹೊಲ, ಗೊತ್ತಿದ್ದ ಢಾಬಾ, ಕೇಳ್ಕೊಂಡು ಗುಡಿ ಬಯಲು. ಲಕ್ಕುಂಡಿಗೆ ಹೋದಾಗ ಊರ ಹೊರಗ ಒಬ್ರ ಹೊಲದಾಗ ನಿಂತು ಮುಂಜಾನೆ ಗುಡಿ ನೋಡಿ ಬಂದ್ವಿ. ಚಳಿಗಾಲದಾಗ ಮಾಗಡಿ ಕೆರಿಗೆ ಪಟ್ಟೆ ತಲೆ ಹೆಬ್ಬಾತು ಬರ್ತಾವು, ಹಗಲಿಗೆ ನೋಡಿ ರಾತ್ರಿ ಲಕ್ಷ್ಮೇಶ್ವರ ಕಡೆ ಬಂದ್ವಿ. ಕಾಡಿನ ಜಾಗಾದಾಗ ಪರವಾನಗಿ ಇಲ್ಲದ ನಿಲ್ಲಬ್ಯಾಡ್ರಿ.

ಹೊಲ ಅಂದ್ರ ಮೊದಲ ಮಣ್ಣು ಕೇಳ್ರಿ. ಮಸಾರಿ (ಕೆಂಪು ಮಣ್ಣು) ಆದ್ರ ಚಿಂತಿಲ್ಲ. ಎರಿ ಆದ್ರ ಮೋಡ ನೋಡ್ರಿ. ನರಗುಂದ ಕಡೆ ಒಮ್ಮಿ ಒಣ ಎರಿ ಮ್ಯಾಲ ಕಲ್ಲಿನಂಗ ಗಟ್ಟಿ ಐತಿ ಅಂತ ನಿಲ್ಸಿದ್ವಿ, ರಾತ್ರಿ ಒಂದ ತಾಸು ಮಳಿ, ಮುಂಜಾನೆ ಗಾಲಿಗೆ ಮಣ್ಣು ಸುತ್ಕೊಂಡು ರೊಟ್ಟಿ ಹಂಚಿನಷ್ಟು ಅಗಲ ಆಗಿದ್ವು, ಮಡ್‌ಗಾರ್ಡ್ ಒಳಗ ತುಂಬಿ ಗಾಲಿ ತಿರುಗವಲ್ವು. ಎಳಿಯೋ ನನ್ನ ಬೊಲೆರೊನೂ ಕುಂತಬಿಡ್ತು. ಟ್ರ್ಯಾಕ್ಟರ್ ತಂದ ಹುಡುಗ ರೊಕ್ಕ ತೊಗೊಳ್ಳಲಿಲ್ಲ, "ಅಣ್ಣಾ, ಒಳಗೊಮ್ಮಿ ನೋಡ್ಲ್ಯಾ?" ಅಂದ. ಕೆಸರಗಾಲಿನ್ಯಾಗ ಅವ್ನೂ ಅವ್ನ ಮೂರು ಮಂದಿ ದೋಸ್ತರೂ ಒಳಗ ಬಂದು ಚಾ ಕುಡದು ಹೋದ್ರು. ಮುಂದ ಒಂದು ವಾರ ಆ ಕೆಸರು ಒರಸಿದ್ವಿ.

ಆಕ್ಸಲ್ ಬದಲಿ ಮಾಡಿ ಉದ್ದ ಮಾಡಿಸ್ಬೇಕಂತ ಮಾಡೀನಿ, ಮಾಡಬಹುದಾ?

ಒಳಗ ಬ್ಯಾಟರಿ, ದೀಪ, ಹಾಸಿಗಿ ಬದಲಿ ಮಾಡೂದು ನಿಮ್ಮ ಮನಿ ಕೆಲಸ. ಉದ್ದ, ತೂಕ, ಆಕ್ಸಲ್ ಅಂದ್ರ ಆರ್‌ಸಿ ಒಳಗ ಬರದದ್ದನ್ನ ಬದಲಿ ಮಾಡಿದಂಗ, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಅದಕ್ಕ ಅಡ್ಡ ಬರ್ತೈತಿ, ಮೊದ್ಲ ಆರ್‌ಟಿಓ ಒಪ್ಪಿಗಿ ಬೇಕು. ಇಲ್ಲಂದ್ರ ಅಪಘಾತ ಆದಾಗ ಇನ್ಶೂರೆನ್ಸ್‌ನವರು ಮೊದ್ಲು ಅದನ್ನ ಎತ್ತಿ ತೋರಿಸ್ತಾರ.

ಅಪ್‌ಗ್ರೇಡ್ ಯಾವುದರಿಂದ ಶುರು ಮಾಡ್ಲಿ? ಹುಡುಗೂರು ಟಿವಿ ಬೇಕಂತಾರ.

ಛತ್ತು, ಗಾಲಿ, ಬ್ರೇಕ್, ಆಮ್ಯಾಲ ಫ್ಯೂಸ್ ಮತ್ತ ಆರ್‌ಸಿಸಿಬಿ, ಆಮ್ಯಾಲ ಬ್ಯಾಟರಿ ಸೋಲಾರ್, ಆಮ್ಯಾಲ ಫ್ಯಾನ್. ಪ್ರತಿ ಸಾಮಾನ ಹಾಕೂಮುಂದ ಅದರ ತೂಕ ಬಾಗಲದ ಹಿಂದ ಪೆನ್ಸಿಲ್‌ಲೇ ಬರೀರಿ, ನಾ ಬರದೀನಿ, ಈಗ 41 ಕೆಜಿ ಹೆಚ್ಚಾಗೈತಿ. ಟಿವಿ ಹಾಕಿಲ್ಲ. ನಮ್ಮ ಹುಡುಗೂರು ಎರಡು ದಿನ ಮುಖ ಊದಿಸಿದ್ರು, ಮೂರನೇ ದಿನ ಚೌಕಾಬಾರಾ ಆಡಿದ್ರು.

ಮಾರ್ತೀರೇನ್ರಿ?

ಇಲ್ರಿ. ಮಾರಿದ್ರೂ ಮಳಿಗಾಲದಾಗ ಮಾರ್ತೀನಿ, ಪೈಪ್ ನಾನ ಕೊಡ್ತೀನಿ, ನೀವ ನೀರು ಬಿಟ್ಟು ನೋಡ್ರಿ.